ಪಂಕ್ಚರ್ ಆಗದ ಬೈಕು

ಬ್ಯಾಂಕ್ ಕೆಲಸಕ್ಕೆ ಸೇರಿ 11 ವರ್ಷ ಆಯಿತು. ಕ್ಯಾಶ್ ಶಾರ್ಟ್ ಬಂದ ದಿನವೂ ಆ ಸೋಮವಾರದಷ್ಟು ಬೆವರಿಲ್ಲ.

ಆಗ ತಿಪಟೂರು ಕಡೆಯ ಒಂದು ಶಾಖೆಯಲ್ಲಿ ಜಾಯಿಂಟ್ ಕಸ್ಟೋಡಿಯನ್ ಆಗಿದ್ದೆ. ಸ್ಟ್ರಾಂಗ್ ರೂಮಿನ ಒಂದು ಕೀ ಹೆಡ್ ಕ್ಯಾಶಿಯರ್ ಹತ್ತಿರ, ಇನ್ನೊಂದು ನನ್ನ ಹತ್ತಿರ. ಇಬ್ಬರೂ ಇಲ್ಲದೆ ಬಾಗಿಲು ತೆರೆಯುವುದಿಲ್ಲ.

ನನ್ನ ಬೆನ್ನುನೋವಿಗೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ, ಅನ್ನುವ ಹೆಸರು ಸಿಕ್ಕಿ 8 ತಿಂಗಳಾಗಿತ್ತು. ಅದಕ್ಕೂ ಮೊದಲು 4 ವರ್ಷ ಡಿಸ್ಕ್ ಅಂದುಕೊಂಡು ಬೆಲ್ಟ್ ಕಟ್ಟಿ ತಿರುಗಿದ್ದೆ. ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಎಂಆರ್‌ಐ, ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ ಎಲ್ಲಾ ಆದಮೇಲೆ ಗೊತ್ತಾಯಿತು. ಈ ನೋವು ಮಲಗಿದಷ್ಟೂ ಬಿಗಿಯುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಡಾಕ್ಟರ್ ಇದನ್ನೇ ಮೂರು ಸಲ ಹೇಳಿದ್ದರು. ಶಾಖೆಯಲ್ಲಿ ಮಾತ್ರ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ನೋಡೋಕೆ ಗಟ್ಟಿಮುಟ್ಟಾಗಿದ್ದೇನೆ. ಕೆಲಸ ತಪ್ಪಿಸೋಕೆ ನೆಪ ಅಂತಾರಲ್ವಾ?

ಎರಡನೇ ಶನಿವಾರ, ಭಾನುವಾರ ಒಟ್ಟಿಗೆ ರಜೆ. ನೋವು ಜಾಸ್ತಿ ಇತ್ತು. ಸೋಮವಾರಕ್ಕೆ ಸರಿಹೋಗಲಿ ಅಂತ ಎರಡೂ ದಿನ ಹಾಸಿಗೆ ಬಿಡಲಿಲ್ಲ. ನನ್ನ ಬುದ್ಧಿವಂತಿಕೆ ನೋಡಿ.

ಸೋಮವಾರ ಏಳಕ್ಕೆ ಎಚ್ಚರವಾದಾಗ ಸೊಂಟಕ್ಕೆ ಸಿಮೆಂಟ್ ಸುರಿದಂತಿತ್ತು. ಮಗ್ಗುಲಾಗಲು ಮಂಚದ ಅಂಚು ಹಿಡಿದು ಮೈಯನ್ನು ಎಳೆದುಕೊಳ್ಳಬೇಕಾಯಿತು. ಹೆಂಡತಿ, ಮಗು ಮೈಸೂರಿನಲ್ಲಿ. ಬಾಡಿಗೆ ಮನೆಯಲ್ಲಿ ನಾನೊಬ್ಬನೇ. ಎಂಟಕ್ಕೆ ಕಾಲು ನೆಲ ಮುಟ್ಟಿತು. ಎಂಟೂಮುಕ್ಕಾಲಿಗೆ ಎದ್ದು ನಿಂತೆ. ಹೇಗೋ ಪ್ಯಾಂಟ್ ಏರಿಸಿದೆ. ಒಂದು ಸಾಕ್ಸ್ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆ. ಇನ್ನೊಂದು ಕಾಲು ಕೈಗೇ ಎಟುಕಲಿಲ್ಲ. ಎದುರು ಮೊಳೆಯಲ್ಲಿ ಬ್ಯಾಗ್ ನೇತಾಡುತ್ತಿತ್ತು, ಕೀ ಅದರೊಳಗೆ.

ಒಂಬತ್ತೂವರೆಗೆ ಮ್ಯಾನೇಜರ್ ಫೋನ್. "ಎಲ್ಲಿದ್ದೀರ್ರೀ?"

ಆಗಲಾದರೂ ನಿಜ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಸರ್, ಬೈಕ್ ಪಂಕ್ಚರ್."

ಹತ್ತಕ್ಕೆ ಮತ್ತೆ ಫೋನ್. ಕೌಂಟರ್ ಮುಂದೆ ಕ್ಯೂ. ಎಟಿಎಂ ಖಾಲಿ. ಡೂಪ್ಲಿಕೇಟ್ ಕೀ ಇರುವುದು ಬೇರೆ ಶಾಖೆಯಲ್ಲಿ. ಅದನ್ನು ತರಿಸಿದರೆ ರೀಜನಲ್ ಆಫೀಸಿಗೆ ವಿವರಣೆ ಬರೆಯಬೇಕು. "ಆಟೋ ಕಳಿಸ್ತೀನಿ, ಬೈಕ್ ಅಲ್ಲೇ ಬಿಟ್ಟು ಬನ್ನಿ."

ಆಟೋದಲ್ಲಿ ಬಂದವರು ನಮ್ಮ ಅಟೆಂಡರ್ ಅಕ್ಕ. ಗೇಟಿನೊಳಗೆ ಬೈಕು ಎರಡೂ ಚಕ್ರದಲ್ಲಿ ಗಾಳಿ ತುಂಬಿಕೊಂಡು ನಿಂತಿತ್ತು. ಅದನ್ನು ನೋಡಿದರು, ಬಾಗಿಲಿಗೆ ಒರಗಿದ್ದ ನನ್ನನ್ನೂ ನೋಡಿದರು. ಏನೂ ಕೇಳಲಿಲ್ಲ. "ಬೇಡ ಅಕ್ಕಾ" ಅಂದರೂ ಸಾಕ್ಸ್ ಎತ್ತಿಕೊಂಡು ಬಗ್ಗಿದರು. ಅದರ ಎಲಾಸ್ಟಿಕ್ ಅಗಲಿಸಲು ಅವರ ಬೆರಳಿಗೆ ಆಗಲಿಲ್ಲ. ಇಬ್ಬರಿಗೂ ನಗು ಬಂತು. ಒಂದೇ ಸಾಕ್ಸಿನಲ್ಲಿ, ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದೆ.

"ಕುರ್ಚಿಯಿಂದ ಏಳೋವಾಗ ಮೊದ್ಲು ಮೇಜು ಹಿಡ್ಕೋತೀರಲ್ಲ ಸಾರ್, ಅವತ್ತೇ ಅಂದ್ಕೊಂಡೆ," ಅಂದರು ದಾರಿಯಲ್ಲಿ. "ನಂಗೂ ಬೆಳಿಗ್ಗೆ ಹತ್ತು ಗಂಟೆ ತಂಕ ಕೈ ನಂದಲ್ಲ."

ಅವರಿಗೆ ರುಮಟಾಯ್ಡ್ ಅನ್ನುವ ಕೀಲುಗಳ ಉರಿಯೂತ, 6 ವರ್ಷದಿಂದ. ಪ್ಯಾಂಟ್ರಿಯಲ್ಲಿರುವ ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಒಂದು ಕೆಂಪು ಗೀಟು. ಅದರ ಮಾತ್ರೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳಬೇಕು, ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಅದಕ್ಕೇ ಆ ಗೀಟು. ನಾನು ಇಷ್ಟು ದಿನ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದೆ.

10.40ಕ್ಕೆ ಸ್ಟ್ರಾಂಗ್ ರೂಮ್ ತೆರೆಯಿತು. "ಪಂಕ್ಚರ್ ದೊಡ್ಡದಿತ್ತೇನ್ರೀ?" ಅಂತ ಮ್ಯಾನೇಜರ್ ನನ್ನನ್ನು ಕೇಳಿದರು. "ದೊಡ್ಡದೇ ಸಾರ್," ಅಂತ ಅಕ್ಕ ಉತ್ತರ ಕೊಟ್ಟರು.

ಸಂಜೆ ಡೇ ಎಂಡ್ ಮುಗಿದ ಮೇಲೆ ಮ್ಯಾನೇಜರ್ ಮುಂದೆ ಎಲ್ಲಾ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. "ಮೊದ್ಲೇ ಹೇಳೋದಲ್ವೇನ್ರೀ? ಕೀ ಬೇರೆಯವರಿಗೆ ಕೊಡ್ತಿದ್ದೆ," ಅಂದರು, ಅಷ್ಟೇ. ಎಂಟು ತಿಂಗಳು ನಾನು ಹೆದರಿದ್ದು ಈ ಒಂದು ವಾಕ್ಯಕ್ಕೆ. ಕೀ ರಿಜಿಸ್ಟರಿನಲ್ಲಿ ಮಾರನೇ ದಿನವೇ ಹೆಸರು ಬದಲಾಯಿತು. ನೋವು ಮುಚ್ಚಿಟ್ಟುಕೊಳ್ಳುವವನು ಕೀ ಇಟ್ಟುಕೊಳ್ಳಬಾರದು, ಇಷ್ಟಂತೂ ಕಲಿತೆ.

ಬೆನ್ನಿಗೆ ಸರಿಯಾದ ಕುರ್ಚಿ ಬೇಕೆಂದು ನಾನು ಬರೆದ ಪತ್ರ ಮಾತ್ರ ಇನ್ನೂ ರೀಜನಲ್ ಆಫೀಸಿನಲ್ಲೇ ಇದೆ. ಅಲ್ಲಿಂದ ಬಂದದ್ದು ಆರೋಗ್ಯದ ವೆಬಿನಾರ್‌ನ ಸರ್ಕ್ಯುಲರ್. ಸಮಯ ಸಂಜೆ ನಾಲ್ಕು, ಕ್ಯಾಶ್ ಟ್ಯಾಲಿ ಮಾಡುವ ಹೊತ್ತು.

ಈಗ ಗಂಟೆಗೊಮ್ಮೆ ಅಕ್ಕ ನನ್ನ ಮೇಜು ತಟ್ಟಿ ಹೋಗುತ್ತಾರೆ. ನಾನು ಎದ್ದು ಪ್ರಿಂಟರ್‌ವರೆಗೆ ಸುಮ್ನೆ ಒಂದು ಸುತ್ತು ಹೋಗಿ ಬರುತ್ತೇನೆ. ಎದುರು ಕೂತ ಗ್ರಾಹಕರು ಗೊಣಗುತ್ತಾರೆ, ಗೊಣಗಲಿ. ಬೆಳಿಗ್ಗೆ ಟೀ ಫ್ಲಾಸ್ಕಿನ ಮುಚ್ಚಳ ತಿರುಗಿಸುವುದು ನನ್ನ ಕೆಲಸ. ಸೋಮವಾರ ಬಂತೆಂದರೆ ಅಕ್ಕ ದೂರದಿಂದಲೇ ಕೇಳುತ್ತಾರೆ,

"ಗಾಳಿ ಐತಾ ಸಾರ್?"