ಆಕ್ಸಿಜನ್ ಎಷ್ಟಡಿ ಅದೆ?

13 ಜುಲೈ 2025, ಭಾನುವಾರ
ಕುವೆಂಪುನಗರ, ಮೈಸೂರು

ಹೋದ ಭಾನುವಾರ ಆಟದ ನಡುವೆ ತಂಗಿ ನಿದ್ದೆ ಹೋಗಿದ್ದಳು. ಇವತ್ತು ಅವಳೇ ಕೂಗಾಡಿದಳು. ಅಷ್ಟರಮಟ್ಟಿಗೆ ಗೆದ್ದೆ.

‘ಎಫ್‌ಟಿಎಲ್’ (ಫಾಸ್ಟರ್ ದ್ಯಾನ್ ಲೈಟ್) ಅಂತ ಒಂದು ವಿಡಿಯೊ ಗೇಮ್, 2012ರದ್ದು. ಒಂದು ಪುಟ್ಟ ಅಂತರಿಕ್ಷ ಹಡಗು, ಒಳಗೆ ಮೂರು ನಾಲ್ಕು ಜನ, ಹಿಂದೆ ಅಟ್ಟಿಸಿಕೊಂಡು ಬರುವ ಬಂಡಾಯಗಾರರ ದಂಡು. 8 ಸೆಕ್ಟರ್, ಅಂದರೆ ಅಂತರಿಕ್ಷದ 8 ವಲಯ ದಾಟಬೇಕು. ಅದನ್ನು ಮುಖ್ಯವಾಗಿ ಕಟ್ಟಿದವರು ಇಬ್ಬರು, ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್. ಶಾಂಘೈನಲ್ಲಿ ಒಂದೇ ಕಡೆ ಕೆಲಸದಲ್ಲಿದ್ದಾಗ ಬಿಡುವಿನಲ್ಲಿ ಬೋರ್ಡ್ ಗೇಮ್ ಆಡಿಕೊಂಡಿದ್ದವರು. ಮೇಜಿನ ಮೇಲಿಂದ ಹುಟ್ಟಿದ ಆಟವನ್ನು ಮತ್ತೆ ಮೇಜಿಗೆ ತರೋದು ಏನು ಮಹಾ ಅಂತ ಶುರು ಮಾಡಿದೆ. ನಾನು ಕಥೆ ನಡೆಸುವ ಗೇಮ್ ಮಾಸ್ಟರ್. ಉಳಿದವರು ತಮ್ಮ ತಮ್ಮ ಪಾತ್ರವಾಗಿ ಮಾತಾಡಬೇಕು.

ಮೊದಲ ಸಲ 14 ಪುಟ ನಿಯಮ ಬರೆದಿದ್ದೆ. ಯಾವ ಬಂದೂಕು ಎಷ್ಟು ಸೆಕೆಂಡಿಗೆ ತಯಾರಾಗುತ್ತದೆ, ಹಡಗನ್ನು ಕಾಯುವ ಶೀಲ್ಡಿನ ಪದರ ಎಷ್ಟು ಹೊತ್ತಿಗೆ ಮತ್ತೆ ಏಳುತ್ತದೆ, ಎಲ್ಲಾ. ಒಂದೇ ಕಾಳಗಕ್ಕೆ ಎರಡೂವರೆ ಗಂಟೆ ಹಿಡಿಯಿತು. ಕಂಪ್ಯೂಟರ್ ಕಣ್ಣು ಮುಚ್ಚಿ ತೆಗೆಯೋದರಲ್ಲಿ ಮಾಡುವ ಲೆಕ್ಕವನ್ನು ನಾನು ಪೆನ್ಸಿಲ್ ಹಿಡಿದು ಮಾಡುತ್ತಾ ಕೂತಿದ್ದೆ. ನಿದ್ದೆ ಬರದೆ ಇನ್ನೇನು ಬಂದೀತು?

ಈ ವಾರ 13 ಪುಟ ಹರಿದು ಹಾಕಿದೆ. ಉಳಿಸಿಕೊಂಡದ್ದು ಒಂದೇ, ಕರೆಂಟಿನ ಕೊರತೆ. ಕರೆಂಟು ಕೊಡುವ ರಿಯಾಕ್ಟರಿನಲ್ಲಿ 8 ಹುಣಸೆ ಬೀಜ, ಒಂದು ಬೀಜ ಅಂದರೆ ಒಂದು ಪಾಲು ಕರೆಂಟು. ಶೀಲ್ಡಿಗೆ 2, ಎಂಜಿನ್ನಿಗೆ 2, ಬಂದೂಕಿಗೆ 3, ಆಕ್ಸಿಜನ್ನಿಗೆ 1, ಆಸ್ಪತ್ರೆ ಕೋಣೆಗೆ 1. ಕೂಡಿದರೆ 9. ಒಂದು ಬೀಜ ಯಾವತ್ತೂ ಕಡಿಮೆ. ಗೇಮಿನಲ್ಲಿ ಈ ಹಂಚಿಕೆ ಮಾಡುವವನು ನಾನೊಬ್ಬನೇ, ಸ್ಪೇಸ್ ಬಾರ್ ಒತ್ತಿ ನಿಲ್ಲಿಸಿಕೊಂಡು ಯೋಚಿಸಬಹುದು. ಮೇಜಿನ ಮೇಲೆ ಪ್ರತಿ ಕೋಣೆಗೂ ಒಬ್ಬ ಯಜಮಾನ ಇದ್ದಾನೆ. ಅವನ ಮುಂದಿನ ಬೀಜ ಎತ್ತಬೇಕಾದರೆ ಅವನನ್ನು ಒಪ್ಪಿಸಬೇಕು.

ಇಂಥ ಆಟಕ್ಕೆ ಬಳಸುವ ಇಪ್ಪತ್ತು ಮುಖದ ದಾಳ ನಮ್ಮಲ್ಲಿ ಇಲ್ಲ. ಅಜ್ಜಿಯ ಚೌಕಾಬಾರದ ನಾಲ್ಕು ಕವಡೆ ತಂದೆ. ನಾಲ್ಕು ಕವಡೆ ಬೀಳುವ ಬಗೆ 16. ಎರಡು ಬಾಯಿ ಮೇಲಾಗುವುದು ಆರು ಬಗೆ, ಒಂದು ನಾಲ್ಕು ಬಗೆ, ಮೂರೂ ನಾಲ್ಕು ಬಗೆ. ಚೌಕ (ನಾಲ್ಕೂ ಬಾಯಿ ಮೇಲೆ) ಒಂದು, ಬಾರ (ನಾಲ್ಕೂ ಬೋರಲು) ಒಂದು. (ಇದು ಕಾಗದದ ಲೆಕ್ಕ. ಕವಡೆಯ ಬೆನ್ನು ಗುಂಡಗಿರುತ್ತದೆ, ನಾಣ್ಯದ ಹಾಗೆ ನಂಬೋಕಾಗಲ್ಲ.) ಎಲ್ಲ ಬೋರಲು ಬಿದ್ದರೆ ಅನಾಹುತ ಅಂತ ಬರೆದುಕೊಂಡಿದ್ದೆ. ಅಜ್ಜಿ ಕೇಳಿಸಿಕೊಂಡು ರೇಗಿದರು. “ಬಾರ ಬಿದ್ರೆ ಎಂಟು ಕಣೋ! ಇನ್ನೊಂದಾಟ ಬೇರೆ. ಬಾರಕ್ಕೆ ಯಾರಾದ್ರೂ ಅಳ್ತಾರಾ?” ಮುಮ್ಮಡಿ ಕೃಷ್ಣರಾಜ ಒಡೆಯರು ಕೂತು ಹೊಸ ಹೊಸ ಆಟ ಕಟ್ಟಿದ ಊರು ಇದು. ಇಲ್ಲಿ ಚೌಕಾಬಾರದ ಮರ್ಯಾದೆ ಕೆಡಿಸಬಾರದು ಅಂತ ನಿಯಮ ತಿದ್ದಿದೆ. ಮೂರು, ಚೌಕ, ಬಾರ ಬಿದ್ದರೆ ಗೆಲುವು. ಎರಡು ಬಿದ್ದರೆ ಕೆಲಸ ಆಗುತ್ತದೆ, ಆದರೆ ಬೇರೆ ಏನೋ ಕೆಡುತ್ತದೆ. ಒಂದು ಬಿದ್ದರೆ ಹೋಯಿತು. 16ರಲ್ಲಿ 6, 6, 4. ನಾನು ವಾರವೆಲ್ಲ ಹುಡುಕುತ್ತಿದ್ದ ಹದ ಅಜ್ಜಿಯ ಒಂದು ಬೈಗುಳದಲ್ಲಿ ಸಿಕ್ಕಿತು.

ಸಮಯದ್ದು ಮಾತ್ರ ಬಗೆಹರಿದಿರಲಿಲ್ಲ. ಮಾತಾಡುತ್ತಾ ಕೂತರೆ ಶತ್ರು ಸುಮ್ನೆ ಕಾಯುತ್ತಾನಾ? ಹೀಗೇ ವಾದ ನಡೆದಿದ್ದಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. “ಶತ್ರು ಹೊಡೆದ!” ಅಂದುಬಿಟ್ಟೆ, ಯೋಚನೆ ಮಾಡದೆ. ಎಲ್ಲರೂ ಬೆಚ್ಚಿದರು. ಅಲ್ಲಿಂದ ಅದೇ ನಿಯಮವಾಯಿತು. ಒಂದು ಕೂಗು, ಒಂದು ಏಟು.

ಎರಡನೇ ಕೂಗಿಗೆ ಬಂದೂಕಿನ ಕೋಣೆಗೆ ಬೆಂಕಿ ಬಿತ್ತು. ಒಳಗಿದ್ದದ್ದು ಎದುರುಮನೆ ಹುಡುಗನ ಪಾತ್ರ. ಆಟಕ್ಕೆ ಬಂದಿದ್ದ ಪಾಂಡವಪುರದ ಗೆಳೆಯನ ಪಾತ್ರ ಕಲ್ಲುಮನುಷ್ಯ. ಆ ಜಾತಿಯವರನ್ನು ಬೆಂಕಿ ಸುಡುವುದಿಲ್ಲ, ಆದರೆ ನಡಿಗೆ ನಿಧಾನ. ತಂಗಿ ರಿಪೇರಿಯಲ್ಲಿ ಚುರುಕಾದ ಎಂಜಿ ಅನ್ನೋ ಇನ್ನೊಂದು ಜಾತಿಯವಳು, ಬಾಗಿಲುಗಳ ಗುಂಡಿ ಅವಳ ಕೈಯಲ್ಲಿ. ಹೊರಬಾಗಿಲು ತೆಗೆದರೆ ಗಾಳಿಯೆಲ್ಲ ಹೊರಗೆ ಹೋಗಿ ಬೆಂಕಿ ಆರುತ್ತದೆ. ಹುಡುಗನ ಉಸಿರೂ ಆರುತ್ತದೆ. ಕಂಪ್ಯೂಟರಿನ ಮುಂದೆ ಇದನ್ನು ನಾನು ಎಷ್ಟು ಸಲ ಮಾಡಿಲ್ಲ, ಕಾಫಿ ಕುಡಿಯುತ್ತಲೇ. ಇಲ್ಲಿ ಹುಡುಗ ತಂಗಿಯ ಮುಖವನ್ನೇ ನೋಡುತ್ತಾ ಕೂತಿದ್ದ.

“ಅಕ್ಕಾ, ತೆಗೀಬೇಡಿ ಅಕ್ಕಾ!”

“ಬಂದೂಕು ಹೋದ್ರೆ ಎಲ್ಲರೂ ಹೋಗ್ತೀವಿ ಕಣೋ!”

ಗೆಳೆಯನಿಗೆ ಇದ್ಯಾವುದೂ ಗಾಬರಿಯಲ್ಲ. ಅವರ ಗದ್ದೆಗೆ ನಾಲೆ ನೀರು ಬರೋದೂ ಸರದಿಯ ಮೇಲೆ (ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ‘ಕಟ್ಟು ನೀರು’), ಮೋಟರಿಗೆ ತ್ರೀ ಫೇಸ್ ಬರೋದೂ ಸರದಿಯ ಮೇಲೆ. “ಆಕ್ಸಿಜನ್ ಎಷ್ಟಡಿ ಅದೆ?” ಅಂತ ಕೇಳಿದ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಕೇಳುವ ಹಾಗೆ. ಕಟ್ಟೆಯ ಹಾಗೇ ತುಂಬಿದರೆ 124.80 ಅಡಿ ಅಂತಲೇ ಲೆಕ್ಕ ಇಟ್ಟುಕೋ ಅಂದೆ, ಈಗ 90 ಇದೆ. “ಹಂಗಾರೆ ಕಟ್ಟು ನೀರು ಬುಟ್ಟಂಗೆ ಬುಡಾನ ಕಣ್ಲಾ. ಉಸಿರಿನ ಬೀಜ ಎತ್ತಿ ಎಂಜಿನ್ಗೆ ಹಾಕು, ಒಸಿ ಹೊತ್ತು ಏಟು ತಪ್ಪಿಸ್ಕೊಳಾನ. ಅಷ್ಟ್ರಲ್ಲಿ ನಾನು ಹೋಗಿ ಬೆಂಕಿ ಆರಿಸ್ತೀನಿ. ಆಮೇಲೆ ಉಸಿರಿಗೆ ಬುಡು.”

ಗೇಮಿನಲ್ಲೂ ಪಳಗಿದವರು ಆಕ್ಸಿಜನ್ ಕರೆಂಟನ್ನು ಹೀಗೆ ಸ್ವಲ್ಪ ಹೊತ್ತು ಕದಿಯುತ್ತಾರೆ. ಅದನ್ನು ಕಲಿಯೋಕೆ ನನಗೆ ಹತ್ತಾರು ಹಡಗು ಬೇಕಾಗಿತ್ತು. ಇವನು ಗೇಮ್ ಆಡಿದವನೇ ಅಲ್ಲ.

ಕವಡೆ ಎಸೆದ. ಎರಡು ಬಾಯಿ. ಬೆಂಕಿ ಆರಿತು, ಆದರೆ ಒಂದು ಬಂದೂಕು ಕರಕಲು. ಹುಡುಗ ಬದುಕಿಕೊಂಡ. ಮೂರನೇ ಕೂಗಿಗೆ ಮೈ ಬಿಗಿ ಹಿಡಿದು ಕೂತೆವು. ಕೂಗೇ ಇಲ್ಲ. ಅಜ್ಜಿ ಒಲೆ ಆರಿಸಿಬಿಟ್ಟಿದ್ದರು. ಅನ್ನಕ್ಕೆ ಎರಡೇ ಸಾಕಂತೆ. ಶತ್ರು ಹೊಡೆಯೋದನ್ನೇ ಮರೆತ, ನಾವು ತಪ್ಪಿಸಿಕೊಂಡು ಎರಡನೇ ಸೆಕ್ಟರಿಗೆ ಹಾರಿದೆವು. ತಂಗಿ ಕುಣಿದಾಡಿದಳು.

ಇಷ್ಟು ಸುಲಭ ಆಗಬಾರದು. ಮುಂದಿನ ಭಾನುವಾರ ಹುರುಳಿಕಾಳು ಬೇಯಿಸಿ ಅಂತ ಅಜ್ಜಿಗೆ ಹೇಳಿಟ್ಟಿದ್ದೇನೆ. ಆಡುವವರಿಗೆ ಯಾರಿಗೂ ಹೇಳಿಲ್ಲ.