ಹನ್ನೊಂದನೆಯ ಪುಟ

ಕಥೆ ಹನ್ನೊಂದನೆಯ ಪುಟದಲ್ಲಿ ನಿಂತು 20 ದಿನವಾಯಿತು. ಮೂಡಿಗೆರೆ ಬಸ್ಸಿನಿಂದ ಇಳಿದ ನಾಯಕಿ ಚಿಕ್ಕಮಗಳೂರಿನ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತೇ ಇದ್ದಾಳೆ. ಎಲ್ಲಿಗೆ ಹೋಗಬೇಕೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ನಡುವೆ ನಾನು ಮೂರು ಹೊಸ ಪೆನ್ನು ಕೊಂಡಿದ್ದೇನೆ. ಪೆನ್ನಿನಿಂದ ಕಥೆ ಹುಟ್ಟುವುದಾದರೆ ಪುಸ್ತಕದ ಅಂಗಡಿಯವರೇ ಇಷ್ಟರಲ್ಲಿ ದೊಡ್ಡ ಕಾದಂಬರಿಕಾರರಾಗಬೇಕಿತ್ತು.

ನಿನ್ನೆ ಸಂಜೆ ಹೂಮಳೆ ಬಿತ್ತು, ಕಾಫಿಯ ಮೊಗ್ಗು ಅರಳಿಸುವ ಮಳೆ. ತೋಟದಲ್ಲಿರುವ ಚಿಕ್ಕಪ್ಪ ಫೋನಿನಲ್ಲಿ ಇಂಚಿನ ಲೆಕ್ಕ ಒಪ್ಪಿಸಿದರು. ಇನ್ನು ಎಂಟೊಂಬತ್ತು ದಿನಕ್ಕೆ ಕಾಫಿ ಗಿಡಗಳು ಬೆಳ್ಳಗಾಗುತ್ತವೆ. "ಗಿಡ ಸ್ವಲ್ಪ ದಿನ ಒಣಗಬೇಕು ಕಣಪ್ಪಾ, ಆಗಲೇ ಮೊಗ್ಗು ಒಟ್ಟಿಗೆ ಅರಳುವುದು" ಎಂದರು. ನನ್ನನ್ನು ಕುರಿತು ಹೇಳಿದ್ದಲ್ಲ. ಆದರೂ ಸೋಮಾರಿಗೆ ಇಷ್ಟು ನೆಪ ಸಾಕು. ಆಮೇಲೆ ನೆನಪಾಯಿತು, ಒಣಗುವುದು ಗಿಡ ಮಾತ್ರ, ಚಿಕ್ಕಪ್ಪ ಸುಮ್ಮನೆ ಕೂರುವವರಲ್ಲ. ಮಳೆ ಕೈಕೊಟ್ಟ ವರ್ಷ ಕೆರೆಯ ನೀರೆತ್ತಿ ಸ್ಪ್ರಿಂಕ್ಲರ್ ಹಾಕಿಸುತ್ತಾರೆ.

ಇವತ್ತು ಬೆಳಿಗ್ಗೆ ಕಥೆಯನ್ನು ಮುಂದಕ್ಕೆ ತಳ್ಳುವ ಹಟ ಬಿಟ್ಟು, ಆ ಹೆಂಗಸಿನ ಚೀಲದಲ್ಲಿ ಏನೇನಿದೆ ಎಂದು ಬರೆದೆ. ಎರಡು ಸೀರೆ, ನಾಲ್ಕು ಕಿತ್ತಳೆ, ಕಾಳುಮೆಣಸಿನ ಪೊಟ್ಟಣ. ಅಡಿಯಲ್ಲಿ ಒಂದು ಬೀಗದ ಕೈ. ಅದು ಅವಳ ಮನೆಯದಲ್ಲ. ಯಾರದೆಂದು ನಾಳೆ ನೋಡಬೇಕು.