ಕ್ಲೇಮ್ ರಿಜೆಕ್ಟ್ ಆಯ್ತಾ? ಮೊದಲು ಆ ಪತ್ರ ಕೊಡಿ

ಸೇವೆಯಲ್ಲಿ ವಿಷವಸ್ತು ಸೋಕಿ ಕಾಯಿಲೆ ಬಿದ್ದ ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರದ ಅಪೀಲುಗಳನ್ನು ತಯಾರು ಮಾಡುವುದು ನನ್ನ ಕೆಲಸ. ಇಲ್ಲಿನ ಮಾಜಿ ಸೈನಿಕರ ಇಲಾಖೆಗೆ ಎಲ್ಲರೂ ವಿಎ ಅಂತಲೇ ಹೇಳುತ್ತಾರೆ. ಅಲ್ಲಿಂದ ರಿಜೆಕ್ಟ್ ಪತ್ರ ಬಂದ ಕೂಡಲೇ ಜನ ಇನ್ನಷ್ಟು ಕಾಗದ ಒಟ್ಟುಹಾಕಲು ಶುರು ಮಾಡುತ್ತಾರೆ. ಇರಾಕಿನ ಕ್ಯಾಂಪಿನ ಫೋಟೋ, ಕಸ ಸುಡುತ್ತಿದ್ದ ಗುಂಡಿಯ ಹೊಗೆ, ಜೊತೆಗಿದ್ದವರ ಹೇಳಿಕೆ. ನಾನು ಮೊದಲು ಕೇಳುವುದು ಆ ಪತ್ರವನ್ನೇ.

ಅರ್ಜಿದಾರರ ಪರವಾಗಿ ವಿಎ ಏನೇನು ಒಪ್ಪಿದೆ ಅನ್ನುವ ಭಾಗ ಅದರಲ್ಲಿ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಕ್ಲೇಮ್ ನಿಲ್ಲಬೇಕಾದರೆ ಮೂರು ವಿಷಯ ಬೇಕು: ಈಗ ಕಾಯಿಲೆ ಇದೆ, ಸೇವೆಯಲ್ಲಿದ್ದಾಗ ವಿಷವಸ್ತು ಸೋಕಿದೆ, ಎರಡಕ್ಕೂ ಸಂಬಂಧ ಇದೆ. ಎಷ್ಟೋ ಸಲ ಮೊದಲ ಎರಡನ್ನು ಅವರು ಆಗಲೇ ಒಪ್ಪಿರುತ್ತಾರೆ. ಒಪ್ಪಿದ್ದು ಸ್ಪಷ್ಟವಾಗಿ ತಪ್ಪು ಅಂತ ತೋರಿಸದೆ ಮುಂದಿನ ಹಂತದಲ್ಲಿ ಮಾತು ಬದಲಿಸುವ ಹಾಗಿಲ್ಲ. ಮತ್ತೆ ಹೊಗೆಯ ಫೋಟೋ ಯಾಕೆ? (1973ರಲ್ಲಿ ಸೇಂಟ್ ಲೂಯಿಸ್‌ನ ಸೈನಿಕರ ದಾಖಲೆ ಕೇಂದ್ರದ ಬೆಂಕಿಯಲ್ಲಿ ಫೈಲು ಸುಟ್ಟುಹೋದವರ ಕಥೆ ಬೇರೆ. ಅವರಿಗೆ ಹಳೇ ಫೋಟೋನೂ ಬೇಕು, ಗೆಳೆಯರ ಹೇಳಿಕೆನೂ ಬೇಕು.)

ಹೆಚ್ಚಿನವರಿಗೆ ಬೇಕಿರುವುದು ಸಂಬಂಧ ತೋರಿಸುವ ಡಾಕ್ಟರ ಪತ್ರ. ಎಡವಟ್ಟಾಗುವುದೂ ಅಲ್ಲೇ. "ಹೊಗೆಯಿಂದ ಬಂದಿರಬಹುದು" ಅಂತ ಒಂದು ಸಾಲು ಗೀಚಿ ಕೊಡುತ್ತಾರೆ. ಅದಕ್ಕೆ ಬೆಲೆಯಿಲ್ಲ. ಹಾಗಂತ ನೂರಕ್ಕೆ ನೂರು ಖಚಿತವಾಗಿ ಹೇಳಿ ಅಂತಲೂ ಕಾನೂನು ಕೇಳುವುದಿಲ್ಲ. ಸಾಧ್ಯತೆ ಅರ್ಧಕ್ಕರ್ಧ ಇದ್ದರೆ ಸಾಕು, ತಕ್ಕಡಿ ಸಮ ನಿಂತರೆ ಗೆಲುವು ಸೈನಿಕರದ್ದೇ. ಇಷ್ಟು ತಿಳಿಸಿದರೆ ಹಿಂಜರಿಯುತ್ತಿದ್ದ ಡಾಕ್ಟರೂ ಬರೆಯಲು ಒಪ್ಪುತ್ತಾರೆ. ಆದರೆ ಕಾರಣ ಕೊಡಲೇಬೇಕು. ಫೈಲು ಓದಿದ್ದಾರಾ, ರೋಗಿ ಎಲ್ಲಿ ಎಷ್ಟು ಕಾಲ ಇದ್ದರು, ಸಿಗರೇಟು ಸೇದುತ್ತಿದ್ದರಾ, ಮನೆಯಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಇತ್ತಾ, ಎಲ್ಲಾ ಬರಬೇಕು. ಸಿಗರೇಟಿನ ವಿಷಯ ಬಚ್ಚಿಟ್ಟ ಪತ್ರ ಒಂದೇ ಏಟಿಗೆ ಬಿದ್ದುಹೋಗುತ್ತದೆ.

ಕೆಲವು ಕಾಯಿಲೆಗಳು ಸೇವೆಯಿಂದಲೇ ಬಂದವು ಅಂತ ಕಾನೂನೇ ಒಪ್ಪಿಕೊಳ್ಳುತ್ತದೆ, ಅವುಗಳದ್ದೊಂದು ಪಟ್ಟಿ ಇದೆ. ವಿಷವಸ್ತು ಸೋಕಿದ ಮಾಜಿ ಸೈನಿಕರಿಗಾಗಿ 2022ರಲ್ಲಿ ಪ್ಯಾಕ್ಟ್ ಕಾಯ್ದೆ ಬಂದಮೇಲೆ ಅದರಲ್ಲಿರುವ ಕಾಯಿಲೆಗಳು ಜಾಸ್ತಿಯಾಗಿವೆ. ವಿಯೆಟ್ನಾಂ ಯುದ್ಧದಲ್ಲಿ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಕಳೆನಾಶಕದ ಪಟ್ಟಿಗೆ ಬಿಪಿಯೂ ಸೇರಿತು. ಕಾಯಿಲೆ ಪಟ್ಟಿಯಲ್ಲಿದ್ದು, ಸೇವೆಯ ಜಾಗ ಮತ್ತು ಕಾಲ ಹೊಂದಿದರೆ ಸಂಬಂಧವನ್ನು ಬೇರೆಯಾಗಿ ತೋರಿಸಬೇಕಿಲ್ಲ. ಹಿಂದೆ ರಿಜೆಕ್ಟ್ ಆದವರೂ ಮತ್ತೆ ಕೇಳಬಹುದು.

ಪಟ್ಟಿಯಲ್ಲಿ ಇಲ್ಲದಿದ್ದರೆ ಕೈಚೆಲ್ಲಬೇಕಾಗಿಲ್ಲ. ಒಬ್ಬ ಮಾಜಿ ಸೈನಿಕರ ವೈದ್ಯಕೀಯ ತಪಾಸಣಾ ವರದಿಯಲ್ಲಿ "ಕಾಯಿಲೆ ಪಟ್ಟಿಯಲ್ಲಿಲ್ಲ, ಹಾಗಾಗಿ ಸೇವೆಗೆ ಸಂಬಂಧವಿಲ್ಲ" ಅಂತ ಇತ್ತು. ಇದು ವೈದ್ಯಕೀಯ ಕಾರಣವೇ ಅಲ್ಲ, ಅಲ್ವಾ? ಪಟ್ಟಿಯ ಹೊರಗಿನ ಕಾಯಿಲೆಯನ್ನೂ ನೇರವಾಗಿ ಸಾಬೀತು ಮಾಡಬಹುದು ಅಂತ ಫೆಡರಲ್ ಅಪೀಲು ಕೋರ್ಟ್ 1994ರಲ್ಲೇ ಹೇಳಿದೆ. ಇನ್ನು ಆ ವರದಿಯ ಸೈನಿಕರು ವಿಮಾನದ ಇಂಧನ ತುಂಬಿಸುವ ಕೆಲಸದಲ್ಲಿದ್ದವರು. ವರದಿಯಲ್ಲಿ ಹೊಗೆಯ ಮಾತಿತ್ತೇ ಹೊರತು ಇಂಧನದ ಸುದ್ದಿಯೇ ಇರಲಿಲ್ಲ. ಸೋಕಿದ ಎಲ್ಲವನ್ನೂ ಒಟ್ಟಿಗೆ ನೋಡಬೇಕು ಅನ್ನುತ್ತದೆ ಪ್ಯಾಕ್ಟ್ ಕಾಯ್ದೆ.

ಇಂಥ ತಪ್ಪು ಫೈಲಿನಲ್ಲೇ ಕಂಡರೆ ನಾನು ಹೈಯರ್ ಲೆವೆಲ್ ರಿವ್ಯೂ, ಅಂದರೆ ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ, ಕೇಳುತ್ತೇನೆ. ಅಲ್ಲಿ ಹೊಸ ಸಾಕ್ಷ್ಯ ಕೊಡುವಂತಿಲ್ಲ, ಇರುವ ತಪ್ಪನ್ನು ಬೊಟ್ಟು ಮಾಡಿ ತೋರಿಸಬೇಕು. ಇಂಧನದ ಕೆಲಸದಲ್ಲಿದ್ದವರ ಕೇಸು ಹೀಗೆಯೇ ಹೊಸ ವೈದ್ಯಕೀಯ ಅಭಿಪ್ರಾಯಕ್ಕೆ ವಾಪಸ್ ಹೋಯಿತು. ಡಾಕ್ಟರ ಹೊಸ ಪತ್ರ ಕೈಯಲ್ಲಿದ್ದರೆ ಸಪ್ಲಿಮೆಂಟಲ್ ಕ್ಲೇಮ್, ಅಂದರೆ ಹೊಸ ಸಾಕ್ಷ್ಯದ ಜೊತೆ ಮತ್ತೊಂದು ಅರ್ಜಿ, ಹಾಕುವುದೇ ವಾಸಿ. ಯಾವುದನ್ನೇ ಹಾಕಿದರೂ ಪತ್ರದ ತಾರೀಖಿನಿಂದ ಒಂದು ವರ್ಷದೊಳಗೆ ಹಾಕಿ. ಇಲ್ಲದಿದ್ದರೆ ಮುಂದೆ ಗೆದ್ದರೂ ಮೊದಲ ಅರ್ಜಿಯ ದಿನದಿಂದ ಬರಬೇಕಿದ್ದ ಹಿಂಬಾಕಿ ಸಾಮಾನ್ಯವಾಗಿ ಕೈತಪ್ಪುತ್ತದೆ.